ಹೆಡರೋ, ಟರ್ಬೊವೋ? ಟೊಯೊಟಾ 86 ಮಾಲೀಕರೊಬ್ಬರಿಗೆ ಉತ್ತರ

ಪ್ರಶ್ನೆ: ನನ್ನ ಬಳಿ 2013ರ ಟೊಯೊಟಾ 86 ಇದೆ. ಮ್ಯಾನ್ಯುವಲ್ ಗೇರ್, 90,000 ಕಿ.ಮೀ. ಓಡಿದೆ. ವಾರವೆಲ್ಲ ಕಚೇರಿಗೆ ಇದೇ ಕಾರು, ತಿಂಗಳಿಗೊಮ್ಮೆ ಟ್ರ್ಯಾಕ್‌ಗೂ ಇದೇ. ತಿರುವುಗಳಲ್ಲಿ ಕಾರು ಚಿನ್ನ. ಆದರೆ ತಿರುವು ಮುಗಿಸಿ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ನಡುವೆ ತೂಕಡಿಸಿದಂತಾಗುತ್ತದೆ. 260 ಎಚ್‌ಪಿ ಸಿಕ್ಕರೆ ಸಾಕು ಅನ್ನಿಸಿದೆ. ಒಬ್ಬ ಗೆಳೆಯ ‘ಟರ್ಬೊ ಕಿಟ್ ಹಾಕಿಸು, ಎರಡು ದಿನದ ಕೆಲಸ’ ಎನ್ನುತ್ತಾನೆ. ಇನ್ನೊಬ್ಬ ‘ಟರ್ಬೊ ಹಾಕಿದರೆ ಈ ಕಾರಿನ ಜೀವವೇ ಹೋಯಿತು, ಕ್ಯಾಮ್, ಹೆಡರ್, ಇಂಟೇಕ್ ಹಾಕಿಸಿ ಎನ್‌ಎ ಆಗಿಯೇ ಇಟ್ಟುಕೋ’ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನೀವು ಕೇಳಿದ್ದು 260 ಎಚ್‌ಪಿ ಬಗ್ಗೆ. ಕೇಳುವ ಭರದಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಟ್ಟಿದ್ದೀರಿ, ತಿರುವಿನಿಂದ ಹೊರಬರುವಾಗ ಎಂಜಿನ್ ತೂಕಡಿಸುತ್ತದೆ ಎಂದು. ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ನಿಮ್ಮ ಗೆಳೆಯರಿಬ್ಬರೂ ಮೊದಲನೆಯದಕ್ಕೆ ಮಾತ್ರ ಮದ್ದು ಹೇಳಿದ್ದಾರೆ. ನನ್ನ ಕಣ್ಣು ಎರಡನೆಯದರ ಮೇಲಿದೆ. ಆದರೂ ಮೊದಲು 260ರ ಲೆಕ್ಕವನ್ನೇ ಮುಗಿಸಿಬಿಡೋಣ, ಇಲ್ಲದಿದ್ದರೆ ಆ ಅಂಕಿ ನಿಮ್ಮ ತಲೆಯಿಂದ ಇಳಿಯುವುದಿಲ್ಲ. ಅದಕ್ಕೂ ಮುನ್ನ ಗೆಳೆಯರ ಪದಗಳನ್ನು ಬಿಡಿಸಿಬಿಡುತ್ತೇನೆ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಯಂತ್ರ, ಅಂಥದ್ದೇನೂ ಇಲ್ಲದ್ದು ಎನ್‌ಎ. ಕ್ಯಾಮ್ ಎಂದರೆ ವಾಲ್ವ್‌ಗಳನ್ನು ತೆರೆಯುವ ದಂಡ, ಹೆಡರ್ ಎಂದರೆ ಎಂಜಿನ್ನಿನಿಂದ ಹೊಗೆ ಹೊರತರುವ ಪೈಪುಗಳು, ಇಂಟೇಕ್ ಎಂದರೆ ಗಾಳಿ ಒಳಹೋಗುವ ದಾರಿ.

ಎಂಜಿನ್ ಎಂದರೆ ಕೊನೆಗೂ ಗಾಳಿಯ ವ್ಯವಹಾರ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಆದರೆ ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪ್ರತಿ ಸಲ ಸಿಲಿಂಡರ್ ಎಷ್ಟು ಗಾಳಿ ತುಂಬಿಕೊಂಡಿತು ಎಂಬುದರ ಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, ನಿಂತಿದೆ. ಆ ಟಾರ್ಕನ್ನು ಎಷ್ಟು ವೇಗವಾಗಿ ತಿರುಗಿಸಿ ಕೊಡುತ್ತದೆ ಎಂಬುದರ ಮೇಲೆ ಎಚ್‌ಪಿ ನಿಂತಿದೆ. ಹಾಗಾಗಿ ಎಚ್‌ಪಿ ಹೆಚ್ಚಿಸಲು ಇರುವುದು ಎರಡೇ ದಾರಿ. ಒಂದೊಂದು ಸಲಕ್ಕೂ ಹೆಚ್ಚು ಗಾಳಿ ತುಂಬಬೇಕು, ಅಥವಾ ಹೆಚ್ಚು ಸಲ ತುಂಬಬೇಕು.

ತಾನಾಗಿ ಉಸಿರೆಳೆಯುವ ಎನ್‌ಎ ಎಂಜಿನ್ನಿಗೆ ವಾತಾವರಣದ ಒತ್ತಡವೇ ಗತಿ. ಅದು ಎಷ್ಟು ತಳ್ಳಿತೋ ಅಷ್ಟೇ ಗಾಳಿ. ಇಂಥ ಪೆಟ್ರೋಲ್ ಎಂಜಿನ್ ಲೀಟರಿಗೆ 100 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್ ಕೊಟ್ಟರೆ ಅದನ್ನು ಮಾಡಿದವರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ ಎಂದರ್ಥ. ನಿಮ್ಮ ಕಾರಿನ ಎಫ್‌ಎ20 ಎಂಜಿನ್ 1,998 ಸಿಸಿಯಲ್ಲಿ 205 ನ್ಯೂಟನ್ ಮೀಟರ್ ಕೊಡುತ್ತದೆ, ಅಂದರೆ ಲೀಟರಿಗೆ ಸುಮಾರು 103. ಇನ್ನು 9,000 ಆರ್‌ಪಿಎಂವರೆಗೆ ಕೂಗುತ್ತಿದ್ದ ಹೋಂಡಾ ಎಸ್‌2000 ತೆಗೆದುಕೊಳ್ಳಿ. ಅದೂ ಎರಡು ಲೀಟರೇ, 240 ಎಚ್‌ಪಿ. ಅದರ ಟಾರ್ಕ್ ಎಷ್ಟಿರಬಹುದು? ಯುರೋಪಿನ ಮಾದರಿಯಲ್ಲಿ 208 ನ್ಯೂಟನ್ ಮೀಟರ್. ನಿಮ್ಮದಕ್ಕಿಂತ ಮೂರೇ ಮೂರು ಹೆಚ್ಚು! ನಿಮ್ಮ 200 ಎಚ್‌ಪಿಗೂ ಅದಕ್ಕೂ ಇರುವ ಆ 40 ಎಚ್‌ಪಿ ವ್ಯತ್ಯಾಸ ಬಂದದ್ದೆಲ್ಲ ಹೆಚ್ಚು ಗಾಳಿಯಿಂದಲ್ಲ, ಹೆಚ್ಚು ಸುತ್ತಿನಿಂದ. ನಿಮ್ಮದು ಗರಿಷ್ಠ ಶಕ್ತಿ ಕೊಡುವುದು 7,000ದಲ್ಲಿ, ಅದು 8,300ರಲ್ಲಿ.

ಈಗ ನಿಮ್ಮ ಎರಡನೇ ಗೆಳೆಯರ ದಾರಿ ಎಲ್ಲಿಗೆ ಹೋಗುತ್ತದೆ ನೋಡಿ. 200 ಎಚ್‌ಪಿಯಿಂದ 260ಕ್ಕೆ ಹೋಗುವುದೆಂದರೆ ಶೇ 30 ಹೆಚ್ಚಳ. ಟಾರ್ಕ್ ಅಷ್ಟೇ ಇರಬೇಕೆಂದರೆ ಸುತ್ತು ಶೇ 30 ಏರಬೇಕು, 7,000 ಇದ್ದದ್ದು 9,100 ಆಗಬೇಕು. ಈ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 86 ಮಿ.ಮೀ. ಈಗಿನ ಕೆಂಪು ಗೆರೆ, ಅಂದರೆ ದಾಟಬಾರದ ಸುತ್ತು, 7,400ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 21 ಮೀಟರ್. 9,100ರಲ್ಲಿ ಅದು 26 ಮೀಟರ್ ದಾಟುತ್ತದೆ. ಎಸ್‌2000ನ ಎಂಜಿನ್ ತನ್ನ 9,000 ಸುತ್ತಿನಲ್ಲಿ 25ರ ಹತ್ತಿರ ಇರುತ್ತಿತ್ತು, ಅದನ್ನು ಹುಟ್ಟಿನಿಂದಲೇ ಆ ಕೆಲಸಕ್ಕೆಂದು ಮಾಡಿದ್ದರು. ಪಿಸ್ಟನ್ ಮೇಲೆ ಹೋಗಿ ನಿಂತು ಹಿಂದಿರುಗುವಾಗ, ಅದನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಎಳೆಯುವ ಬಲ ಸುತ್ತಿನ ವರ್ಗದಂತೆ ಏರುತ್ತದೆ. 7,400ರಿಂದ 9,100ಕ್ಕೆ ಹೋದರೆ ಅದು ಒಂದೂವರೆ ಪಟ್ಟು. ಅಂದರೆ ರಾಡ್, ರಾಡ್ ಬೋಲ್ಟ್, ಪಿಸ್ಟನ್, ವಾಲ್ವ್ ಸ್ಪ್ರಿಂಗ್, ಎಣ್ಣೆ ಪಂಪ್ ಎಲ್ಲದರ ಲೆಕ್ಕವೂ ಹೊಸದಾಗಿ ಶುರು. ‘ಕ್ಯಾಮ್ ಹಾಕಿಸು’ ಎಂದು ಒಂದು ಮಾತಿನಲ್ಲಿ ಹೇಳಿದ್ದರ ಹಿಂದೆ ಇಷ್ಟೆಲ್ಲ ಇದೆ. ಅದೂ ನಿಮ್ಮದು ಸಿಲಿಂಡರುಗಳು ಎರಡು ಬದಿಗೆ ಮಲಗಿರುವ ಬಾಕ್ಸರ್ ಎಂಜಿನ್, ಅದರಲ್ಲಿ ಕ್ಯಾಮ್‌ಗಳು ನಾಲ್ಕು, ಸಿಲಿಂಡರ್ ಹೆಡ್‌ಗಳು ಎರಡೂ ಬದಿಯ ಚಾಸಿಗೆ ಒತ್ತಿಕೊಂಡಂತೆ ಕೂತಿರುತ್ತವೆ.

ಇದನ್ನು ಹೇಳುವಾಗ ಒಂದು ವಿಷಯ ನೆನಪಾಯಿತು. 2018ರಲ್ಲಿ ನಿಮ್ಮ ವರ್ಷದ ಕಾರುಗಳಿಗೆ ವಾಲ್ವ್ ಸ್ಪ್ರಿಂಗ್ ಬದಲಿಸುವ ರೀಕಾಲ್ ಬಂದಿತ್ತು. ಬರೀ ಸ್ಪ್ರಿಂಗ್ ಬದಲಿಸಲು ಎಂಜಿನ್ನನ್ನೇ ಇಳಿಸಬೇಕಾಗಿತ್ತು. ನಿಮ್ಮ ಕಾರಿಗೆ ಅದು ಅನ್ವಯಿಸುತ್ತದೆಯೇ, ಕೆಲಸ ಆಗಿದೆಯೇ ಎಂದು ಚಾಸಿ ಸಂಖ್ಯೆ ಕೊಟ್ಟು ವಿಚಾರಿಸಿ. ಯಾವ ದಾರಿ ಹಿಡಿದರೂ ಇದು ಗೊತ್ತಿರಬೇಕು.

ಕಾರು ತಯಾರಕರೇ ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿದ್ದಾರೆ. ಅವನ್ನು ನೋಡಿದರೆ ಅರ್ಧ ಗೊಂದಲ ತೀರುತ್ತದೆ. ಮೊದಲ ಉತ್ತರ ನಿಮ್ಮ ಕಾರಿನದೇ ಎರಡನೇ ತಲೆಮಾರು, ಜಿಆರ್86. ಎಲ್ಲರೂ ಟರ್ಬೊ ಬರುತ್ತದೆಂದು ಕಾದಿದ್ದರು, ಬಂದದ್ದು 2,387 ಸಿಸಿಯ ಎನ್‌ಎ ಎಂಜಿನ್. 228 ಎಚ್‌ಪಿ, 250 ನ್ಯೂಟನ್ ಮೀಟರ್. ಭಾಗಿಸಿ ನೋಡಿ, ಲೀಟರಿಗೆ ಸುಮಾರು 105. ಮತ್ತದೇ ಗೋಡೆ. ಉಸಿರಾಟವನ್ನು ಇನ್ನೂ ಚೆನ್ನಾಗಿಸುವ ಗೋಜಿಗೆ ಹೆಚ್ಚು ಹೋಗದೆ ಎದೆಯನ್ನೇ ಅಗಲ ಮಾಡಿದರು. ಗರಿಷ್ಠ ಟಾರ್ಕ್ 6,400ರ ಬದಲು 3,700ರಲ್ಲೇ ಸಿಗುವಂತಾಯಿತು ಎಂಬುದನ್ನು ಗಮನಿಸಿ, ಮುಂದೆ ಬೇಕಾಗುತ್ತದೆ.

ಎರಡನೇ ಉತ್ತರ ಸುಬಾರು ಡಬ್ಲ್ಯುಆರ್‌ಎಕ್ಸ್, 2015ರ ಮಾದರಿ. ನಿಮ್ಮ ಟೊಯೊಟಾದ ಎಂಜಿನ್ ಕೂಡ ಸುಬಾರುವಿನದೇ, ಹಾಗಾಗಿ ಅದರಲ್ಲಿರುವುದು ನಿಮ್ಮ ಎಂಜಿನ್ನಿನ ಟರ್ಬೊ ಒಡಹುಟ್ಟು, ಅದೂ ಎಫ್‌ಎ20 ಕುಟುಂಬದ್ದೇ, ಅದೇ 1,998 ಸಿಸಿ. 268 ಎಚ್‌ಪಿ ಕೊಡುತ್ತದೆ, ನೀವು ಕೇಳಿದ ಅಂಕಿಗೆ ಹೆಚ್ಚುಕಮ್ಮಿ ಸಮ. ಹಾಗಾದರೆ ನಿಮ್ಮ ಎಂಜಿನ್ನಿಗೆ ಟರ್ಬೊ ತಗುಲಿಸಿ ಅದನ್ನು ಮಾಡಿದರೇ? ಇಲ್ಲ. ನಿಮ್ಮದರಲ್ಲಿ ಕಂಪ್ರೆಷನ್ ಅನುಪಾತ (ಒಳಬಂದ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತಿ ಕುಗ್ಗಿಸುತ್ತದೆ ಎಂಬ ಅಂಕಿ) 12.5, ಅದರಲ್ಲಿ 10.6ಕ್ಕೆ ಇಳಿಸಿದರು. ಟರ್ಬೊ ಒತ್ತಡ ತಡೆಯುವಂತೆ ಒಳಭಾಗಗಳನ್ನೇ ಬೇರೆ ಮಾಡಿದರು. ‘ಎರಡು ದಿನದ ಕೆಲಸ’ ಎನ್ನುವ ನಿಮ್ಮ ಮೊದಲ ಗೆಳೆಯರಿಗೆ ಈ ಒಂದು ಅಂಕಿ ತೋರಿಸಿ, 12.5 ಮತ್ತು 10.6.

ಆ ಅಂತರ ಯಾಕೆ ಮುಖ್ಯ ಎಂದರೆ, ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. 27 ಡಿಗ್ರಿಯ ಗಾಳಿಗೆ 0.4 ಬಾರ್ ಬೂಸ್ಟ್, ಅಂದರೆ ವಾತಾವರಣದ ಮೇಲೆ ಅಷ್ಟು ಹೆಚ್ಚುವರಿ ಒತ್ತಡ, ಕೊಟ್ಟರೆ, ಕಂಪ್ರೆಸರ್ ಶೇ 70 ದಕ್ಷತೆಯಲ್ಲಿ ಕೆಲಸ ಮಾಡುತ್ತಿದ್ದರೆ, ಅದು ಸುಮಾರು 70 ಡಿಗ್ರಿಗೆ ಹೊರಬರುತ್ತದೆ. ಬಿಸಿ ಗಾಳಿ ಹಗುರ. ಹಾಗಾಗಿ ಒತ್ತಡ ಶೇ 40 ಏರಿದರೂ ಸಿಲಿಂಡರಿಗೆ ಹೋಗುವ ಗಾಳಿ ಏರುವುದು ಶೇ 22 ಮಾತ್ರ. ಇಂಟರ್‌ಕೂಲರ್ ಇಟ್ಟು ಅದನ್ನು 45 ಡಿಗ್ರಿಗೆ ಇಳಿಸಿದರೆ ಶೇ 32 ಸಿಗುತ್ತದೆ. ನಿಮಗೆ ಬೇಕಿದ್ದದ್ದು ಶೇ 30. ಕಾಗದದ ಮೇಲೆ 0.4 ಬಾರ್ ಸಾಕು ಎಂದಾಯಿತು. ಎಕ್ಸಾಸ್ಟ್‌ನಲ್ಲಿ ಟರ್ಬೈನ್ ತಡೆಯುವುದಕ್ಕೆ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದಿಡುವುದಕ್ಕೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ.

ಇಗ್ನಿಷನ್ ಹಿಂದಿಡುವುದು ನಾಕ್ ಭಯಕ್ಕೆ. ಸ್ಪಾರ್ಕ್ ಪ್ಲಗ್ ಹಚ್ಚಿದ ಜ್ವಾಲೆ ಸಿಲಿಂಡರಿನ ಮೂಲೆಗೆ ತಲುಪುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ, ಕಾವಿಗೆ ತಾನಾಗಿ ಸಿಡಿದರೆ ಅದು ನಾಕ್. ಬೆಣಚುಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದಂತೆ ಸದ್ದು. ಕಂಪ್ರೆಷನ್ ಹೆಚ್ಚಿದಷ್ಟೂ, ಬೂಸ್ಟ್ ಹೆಚ್ಚಿದಷ್ಟೂ, ಒಳಬರುವ ಗಾಳಿ ಬಿಸಿಯಾದಷ್ಟೂ ಅದು ಹತ್ತಿರ. 12.5 ಕಂಪ್ರೆಷನ್ ಇರುವ ಎಂಜಿನ್ ಟರ್ಬೊ ಇಲ್ಲದೆಯೇ ಆ ಗಡಿಯ ಬಳಿ ನಿಂತಿರುತ್ತದೆ. ಅಲ್ಲಿಗೆ ಬೂಸ್ಟ್ ತರುವುದೆಂದರೆ ಒಳ್ಳೆಯ ಆಕ್ಟೇನ್ ಪೆಟ್ರೋಲ್ ಬಿಟ್ಟು ಬೇರೆಯದನ್ನು ಹಾಕುವಂತಿಲ್ಲ, ಮ್ಯಾಪ್ (ಎಂಜಿನ್ ಕಂಪ್ಯೂಟರಿನಲ್ಲಿ ಇಂಧನ, ಕಿಡಿಗಳ ಲೆಕ್ಕ ಇಡುವ ಪಟ್ಟಿ) ಬರೆಯುವವರ ಕೈ ಪಳಗಿದ್ದಿರಬೇಕು.

ಹೆಚ್ಚು ಕಂಪ್ರೆಷನ್ನಿಗೆ ಟರ್ಬೊ ಜೋಡಿಸುವ ಈ ಆಸೆ ಹೊಸತೇನಲ್ಲ. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಮಾರುಕಟ್ಟೆಗೆ ಬಂದ ಮೊದಲ ಟರ್ಬೊ ಕಾರುಗಳಲ್ಲೊಂದು. ಕಂಪ್ರೆಷನ್ 10.25, ಆ ಕಾಲಕ್ಕೆ ಬಹಳವೇ. ನಾಕ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಚಿಮ್ಮಿಸುವ ವ್ಯವಸ್ಥೆ ಇಟ್ಟಿದ್ದರು, ಅದಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂದು ಹೆಸರು. ಮಾಲೀಕರು ಅದನ್ನು ತುಂಬಿಸಲು ಮರೆಯುತ್ತಿದ್ದರು. ದ್ರವ ಮುಗಿದರೆ ಬೂಸ್ಟ್ ತಾನಾಗಿ ನಿಂತು ಕಾರು ಸಪ್ಪೆಯಾಗುತ್ತಿತ್ತು. ಎರಡೇ ವರ್ಷಕ್ಕೆ ಆ ಕಾರಿನ ಕಥೆ ಮುಗಿಯಿತು. ಇಂದು ಅದೇ ಕೆಲಸವನ್ನು ಇ85, ಅಂದರೆ ಬಹುಪಾಲು ಎಥನಾಲ್ ಇರುವ ಇಂಧನ, ಮಾಡುತ್ತದೆ. ಎಥನಾಲ್ ಆವಿಯಾಗುವಾಗ ಸಿಲಿಂಡರಿನ ಕಾವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಆಕ್ಟೇನ್ ಕೂಡ ಹೆಚ್ಚು. ಆದರೆ ಇ85 ಒಂದು ಗ್ರಾಮಿಗೆ ಗಾಳಿ ಬೇಡುವುದು 9.8 ಗ್ರಾಂ ಮಾತ್ರ, ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಸುರಿಯಬೇಕು. ಇಂಜೆಕ್ಟರ್, ಪಂಪ್ ಎರಡೂ ದೊಡ್ಡದಾಗಬೇಕಾದೀತು. ನಿಮ್ಮಲ್ಲಿ ಅದು ದಿನವೂ ಸಿಗದಿದ್ದರೆ ಆ ಮಾತನ್ನೇ ಬಿಡಿ.

ಈಗ ರಾಡ್‌ಗಳಿಗೆ ಬರೋಣ. ಟರ್ಬೊ ಬಗ್ಗೆ ಮಾತಾಡುವವರು ಎಚ್‌ಪಿ ಹೇಳುತ್ತಾರೆ, ಎಂಜಿನ್ ಒಡೆಯುವುದು ಮಾತ್ರ ಟಾರ್ಕಿನಿಂದ. ಎನ್‌ಎ ಎಂಜಿನ್ ಮೇಲಿನ ಸುತ್ತಿನಲ್ಲಿ ರಾಡನ್ನು ಎಳೆದು ಕೊಲ್ಲುತ್ತದೆ, ಟರ್ಬೊ ಕೆಳಗಿನ ಸುತ್ತಿನಲ್ಲಿ ಒತ್ತಿ ಬಾಗಿಸುತ್ತದೆ. ಒಮ್ಮೆ ಇಂಥದ್ದೇ ಒಂದು ಎಂಜಿನ್ ಬಿಚ್ಚಿದ್ದೆ. ಟರ್ಬೊ ಹಾಕಿ ಏಳು ತಿಂಗಳಾಗಿತ್ತು. ಮಾಲೀಕರು ಟ್ರ್ಯಾಕ್‌ಗೆ ಹೋದವರೇ ಅಲ್ಲ. ಹೆದ್ದಾರಿಯಲ್ಲಿ ಆರನೇ ಗೇರಿನಲ್ಲಿ ನಿಧಾನ ಹೋಗುತ್ತಾ, ಮುಂದಿನ ಲಾರಿ ದಾಟಲು ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸ ಅವರಿಗೆ. ಚಿಕ್ಕ ಟರ್ಬೊ, 2,500 ಸುತ್ತಿಗೇ ಪೂರ್ತಿ ಬೂಸ್ಟ್. ‘ಎಷ್ಟು ಬೇಗ ಎಳೆಯುತ್ತದೆ ನೋಡಿ’ ಎಂದು ಹೆಮ್ಮೆಪಡುತ್ತಿದ್ದರು. ಪಿಸ್ಟನ್ನಿಗೆ ಏನೂ ಆಗಿರಲಿಲ್ಲ, ಎರಡು ರಾಡ್ ಮಾತ್ರ ಬಿಲ್ಲಿನಂತೆ ಬಾಗಿದ್ದವು. ನಿಮ್ಮ ಎಂಜಿನ್ನಿನಲ್ಲೂ ಬೂಸ್ಟಿಗೆ ಮೊದಲು ಸೋಲುವುದು ರಾಡ್‌ಗಳೇ ಎಂಬುದು ಇದನ್ನು ಕಟ್ಟಿದವರ ಅನುಭವ. ಆದ್ದರಿಂದ ಒಳಭಾಗ ಮುಟ್ಟದೆ ಟರ್ಬೊ ಹಾಕಿಸುವವರು ಬೂಸ್ಟ್ ತಡವಾಗಿ, ನಿಧಾನವಾಗಿ ಏರುವಂತೆ ಮ್ಯಾಪ್ ಬರೆಸಿಕೊಳ್ಳಬೇಕು. ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಇದೇ ಮಾತು.

ಹಾಗೆ ಬೂಸ್ಟನ್ನು ತಡವಾಗಿಸಿದರೆ ನಿಮ್ಮ ಆ ತೂಕಡಿಕೆ? ಅದು ಹಾಗೇ ಉಳಿಯುತ್ತದೆ. ಎಂಥ ಪೇಚು ನೋಡಿ!

ಟ್ರ್ಯಾಕಿನ ಕಾವಿನ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಕ್ಷಮಿಸಿ, ಏಕೆಂದರೆ ಟರ್ಬೊ ಕಿಟ್ ಕೊಳ್ಳುವವರು ಕೊನೆಗೆ ಯೋಚಿಸುವುದು ಇದನ್ನೇ. ಹೆದ್ದಾರಿಯಲ್ಲಿ ನೀವು ಪೂರ್ತಿ ಬೂಸ್ಟ್ ಬಳಸುವುದು ಐದಾರು ಸೆಕೆಂಡ್. ಆಮೇಲೆ ಎಲ್ಲವೂ ತಣ್ಣಗಾಗಲು ಬೇಕಾದಷ್ಟು ಸಮಯ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡುವಿಲ್ಲ. ಎಕ್ಸಾಸ್ಟ್ ಅನಿಲ 900 ಡಿಗ್ರಿ ಆಸುಪಾಸು ಹೋಗುತ್ತದೆ, ಅದರ ಪಕ್ಕದಲ್ಲೇ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಶಾಫ್ಟಿಗೆ ಎಂಜಿನ್ ಎಣ್ಣೆಯೇ ಆಸರೆ. ನಿಮ್ಮ ಕಾರಿನಲ್ಲಿ ಕಂಪನಿ ಸ್ಥಿತಿಯಲ್ಲೇ ಟ್ರ್ಯಾಕ್‌ಗೆ ಹೋದರೆ ಎಣ್ಣೆ 120 ಡಿಗ್ರಿ ದಾಟುವುದು ಸಾಮಾನ್ಯ. ಅದಕ್ಕೆ ಟರ್ಬೊ ಸೇರಿಸಿದರೆ ದೊಡ್ಡ ಆಯಿಲ್ ಕೂಲರ್ ಇಲ್ಲದೆ ಒಂದು ಸುತ್ತೂ ಹೋಗಬಾರದು. ರೇಡಿಯೇಟರ್ ಮುಂದೆ ಇಂಟರ್‌ಕೂಲರ್ ಬರುವುದರಿಂದ ರೇಡಿಯೇಟರಿಗೆ ಸಿಗುವುದು ಬಿಸಿ ಗಾಳಿ, ಹಾಗಾಗಿ ಅದೂ ದೊಡ್ಡದಾಗಬೇಕು. ಬಾಕ್ಸರ್ ಎಂಜಿನ್ನಿನಲ್ಲಿ ಟರ್ಬೊವನ್ನು ತೀರ ಕೆಳಗೆ ಕೂರಿಸಿದರೆ ಎಣ್ಣೆ ತಾನಾಗಿ ಇಳಿದು ಸಂಪಿಗೆ ಹೋಗಲಾರದು, ಅದನ್ನು ಎಳೆದು ಹಾಕಲು ಬೇರೆ ಪಂಪ್ ಬೇಕು. ಆ ಪಂಪ್ ಕೈಕೊಟ್ಟರೆ ಎಣ್ಣೆ ಟರ್ಬೊದೊಳಗೇ ನಿಂತು ಸೀಲ್ ದಾಟುತ್ತದೆ, ಹಿಂದಿನಿಂದ ನೀಲಿ ಹೊಗೆ. ಕಿಟ್ಟಿನ ಪೆಟ್ಟಿಗೆಯ ಮೇಲೆ ಬರೆದ ಬೆಲೆಯಲ್ಲಿ ಇವು ಯಾವುದೂ ಇರುವುದಿಲ್ಲ. ಕ್ಲಚ್, ಕೂಲರ್, ಇಂಧನ ಪಂಪ್, ಟ್ಯೂನಿಂಗ್, ಮಾಪಕಗಳು ಎಲ್ಲ ಸೇರಿದಾಗ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಟರ್ಬೊದ ಪರವಾಗಿಯೂ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯ. ಎಚ್‌ಪಿಗೆ ಇಷ್ಟು ಖರ್ಚು ಎಂದು ಲೆಕ್ಕ ಹಾಕಿದರೆ 260ರ ಗುರಿಗೆ ಟರ್ಬೊವೇ ಅಗ್ಗ, ಎಲ್ಲವನ್ನೂ ಸೇರಿಸಿದರೂ. ಎತ್ತರದ ಊರುಗಳಲ್ಲಿ ಅದಕ್ಕೆ ಇನ್ನೊಂದು ಮೇಲುಗೈ. 2,000 ಮೀಟರ್ ಎತ್ತರದಲ್ಲಿ ಗಾಳಿ ಶೇ 18ರಷ್ಟು ತೆಳು, ಎನ್‌ಎ ಎಂಜಿನ್ ಅಷ್ಟನ್ನೂ ಕಳೆದುಕೊಳ್ಳುತ್ತದೆ, ಟರ್ಬೊ ಸ್ವಲ್ಪ ಹೆಚ್ಚು ತಿರುಗಿ ಬಹುಪಾಲು ತುಂಬಿಕೊಡುತ್ತದೆ. ‘ಟರ್ಬೊ ಎಂದರೆ ಲ್ಯಾಗ್’ ಎನ್ನುವುದೂ ಅರ್ಧ ಸತ್ಯ. ಎರಡು ಬೇರೆ ವಿಷಯಗಳನ್ನು ಜನ ಬೆರೆಸುತ್ತಾರೆ. ಯಾವ ಸುತ್ತಿನ ಕೆಳಗೆ ಟರ್ಬೊಗೆ ಸಾಕಷ್ಟು ಎಕ್ಸಾಸ್ಟ್ ಸಿಗುವುದೇ ಇಲ್ಲವೋ ಅದು ಬೂಸ್ಟಿನ ಹೊಸ್ತಿಲು. ಆ ಹೊಸ್ತಿಲ ಮೇಲಿದ್ದರೂ ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಏರಲು ಹಿಡಿಯುವ ಸಮಯ ಲ್ಯಾಗ್. ಮೊದಲನೆಯದನ್ನು ಚಾಲಕ ಗೇರ್ ಇಳಿಸಿ ತಪ್ಪಿಸಬಹುದು. ಎರಡನೆಯದು ಒಳ್ಳೆಯ ಆಧುನಿಕ ಟರ್ಬೊದಲ್ಲಿ ಬಹಳ ಚಿಕ್ಕದು, ಆದರೆ ಸೊನ್ನೆ ಅಲ್ಲ. ನೇರ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ತಿರುವಿನ ಮಧ್ಯೆ, ಹಿಂದಿನ ಟೈರುಗಳು ಜಾರುವ ಅಂಚಿನಲ್ಲಿರುವಾಗ, ಹೆಬ್ಬೆರಳಿನಷ್ಟು ಆಕ್ಸಿಲರೇಟರ್ ಹೆಚ್ಚಿಸಿದರೆ ಆ ಕ್ಷಣ ಏನೂ ಆಗದೆ ಮುಂದಿನ ಕ್ಷಣ ಎರಡರಷ್ಟು ಬಂದರೆ ಗೊತ್ತಾಗುತ್ತದೆ. ನಿಮ್ಮ ಎರಡನೇ ಗೆಳೆಯರು ‘ಜೀವ ಹೋಗುತ್ತದೆ’ ಎಂದದ್ದು ಇದನ್ನೇ ಇರಬೇಕು. ಅಷ್ಟರಮಟ್ಟಿಗೆ ಅವರ ಮಾತು ಸರಿ.

ಇನ್ನು ನಿಮ್ಮ ನಿಜವಾದ ಕಾಯಿಲೆಗೆ ಬರುತ್ತೇನೆ. ಮೊದಲ ತಲೆಮಾರಿನ 86ರ ಟಾರ್ಕ್ ನಕ್ಷೆ ನೋಡಿದರೆ ಸುಮಾರು 3,500ರಿಂದ 4,500ರ ನಡುವೆ ಒಂದು ಹಳ್ಳ ಕಾಣುತ್ತದೆ. ಏರುತ್ತಿದ್ದ ಟಾರ್ಕ್ ಅಲ್ಲಿ ಇಳಿದು, ದಾಟಿದ ಮೇಲೆ ಮತ್ತೆ ಏರುತ್ತದೆ. ಮೂರನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ನೀವು ಬೀಳುವುದು ಸರಿಯಾಗಿ ಆ ಹಳ್ಳಕ್ಕೆ. ಎಂಜಿನ್ ದುರ್ಬಲ ಎಂದು ಅನ್ನಿಸುವುದು ಗರಿಷ್ಠ ಶಕ್ತಿ ಕಡಿಮೆ ಎಂದಲ್ಲ, ಇದ್ದದ್ದು ಕೈಬಿಟ್ಟಿತಲ್ಲ ಎಂದು. ಜಿಆರ್86ರಲ್ಲಿ 3,700ಕ್ಕೇ ಗರಿಷ್ಠ ಟಾರ್ಕ್ ತಂದದ್ದನ್ನು ಆಗ ಗಮನಿಸಲು ಹೇಳಿದ್ದು ಇದಕ್ಕೇ. ತಯಾರಕರೂ ತುಂಬಿದ್ದು ಆ ಹಳ್ಳವನ್ನು.

ಎಕ್ಸಾಸ್ಟ್ ಪೈಪಿನಲ್ಲಿ ಒಂದು ಸಿಲಿಂಡರಿನ ಒತ್ತಡದ ಅಲೆ ಹೊರಟು, ಪೈಪುಗಳು ಕೂಡುವ ಜಾಗದಿಂದ ಪ್ರತಿಫಲಿಸಿ ಹಿಂದಿರುಗುತ್ತದೆ. ಅದು ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮುನ್ನ ಎಳೆತವಾಗಿ ಬಂದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ದಾರಿ ಮಾಡಿಕೊಡುತ್ತದೆ. ಒತ್ತಡವಾಗಿ ಬಂದರೆ ಹೊಗೆಯನ್ನೇ ಒಳಗೆ ತಳ್ಳುತ್ತದೆ. ಯಾವ ಸುತ್ತಿನಲ್ಲಿ ಯಾವುದು ಬರುತ್ತದೆ ಎಂಬುದನ್ನು ಪೈಪಿನ ಉದ್ದ ನಿರ್ಧರಿಸುತ್ತದೆ. ಒಳ್ಳೆಯ ಹೆಡರ್ ಹಾಕಿ, ಅದಕ್ಕೆ ತಕ್ಕಂತೆ ಇಗ್ನಿಷನ್, ಕ್ಯಾಮ್ ಟೈಮಿಂಗ್ ಮತ್ತು ಇಂಧನದ ಮ್ಯಾಪನ್ನು ಹೊಸದಾಗಿ ಬರೆಸಿದರೆ ಈ ಎಂಜಿನ್ನಿನ ಹಳ್ಳ ಬಹುಪಾಲು ಮುಚ್ಚುತ್ತದೆ. ತುದಿಯಲ್ಲಿ ಸಿಗುವುದು ಹತ್ತು ಹದಿನೈದು ಎಚ್‌ಪಿ ಇರಬಹುದು, ಅದನ್ನು ಹೇಳಿಕೊಂಡು ತಿರುಗಲು ಆಗುವುದಿಲ್ಲ. ನಡುವಿನ ವ್ಯತ್ಯಾಸ ಮಾತ್ರ ಕಾಲಿಗೆ ಗೊತ್ತಾಗುತ್ತದೆ. ಬರೀ ಹೆಡರ್ ಹಾಕಿ ಮ್ಯಾಪ್ ಬಿಟ್ಟರೆ ಅರ್ಧ ಕೆಲಸ. ಹೆಡರಿನ ಜೊತೆ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವ ಮಾತು ಬಂದರೆ ಒಪ್ಪಬೇಡಿ. ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ವಾಸನೆಯೂ ದಿನದ ಓಡಾಟಕ್ಕೆ ಅಸಹ್ಯ.

ಇಂಟೇಕ್ ವಿಷಯ ಬೇಗ ಮುಗಿಸುತ್ತೇನೆ. ನಾನೂ ಒಮ್ಮೆ ಚಿಕ್ಕ ವಯಸ್ಸಿನಲ್ಲಿ ಕೋನ್ ಫಿಲ್ಟರ್ ಹಾಕಿಸಿ ಕಾರು ಹಾರುತ್ತಿದೆ ಎಂದು ನಂಬಿದ್ದೆ. ಎಚ್‌ಪಿ ಅಳೆಯುವ ಯಂತ್ರವಾದ ಡೈನೊ ಮೇಲೆ ಏರಿಸಿದಾಗ ಮೊದಲಿಗಿಂತ ನಾಲ್ಕು ಎಚ್‌ಪಿ ಕಡಿಮೆ ಬಂತು. ಕಂಪನಿಯವರು ಮುಂಭಾಗದಿಂದ ತಣ್ಣನೆ ಗಾಳಿ ತರುತ್ತಿದ್ದರು, ನಾನು ಎಂಜಿನ್ ಪಕ್ಕದ ಬಿಸಿ ಗಾಳಿ ಕುಡಿಸುತ್ತಿದ್ದೆ. ಹೆಚ್ಚಾದದ್ದು ಸದ್ದು ಮಾತ್ರ. ಕಿವಿ ಮೋಸಗಾರ.

ಎಂಜಿನ್ನಿನ ಹೊರಗೂ ಒಂದು ಮದ್ದಿದೆ. 2017ರ ಪರಿಷ್ಕೃತ ಮ್ಯಾನ್ಯುವಲ್ 86ರಲ್ಲಿ ಹಿಂದಿನ ಆಕ್ಸಲ್ಲಿನ ಫೈನಲ್ ಡ್ರೈವ್ ಅನುಪಾತವನ್ನು 4.1ರಿಂದ 4.3ಕ್ಕೆ ಏರಿಸಿದರು. ಎಲ್ಲ ಗೇರುಗಳಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇ 5ರಷ್ಟು ಹೆಚ್ಚಾಯಿತು, ಎಂಜಿನ್ನಿನೊಳಗೆ ಒಂದು ಬೋಲ್ಟೂ ಮುಟ್ಟದೆ. ಇದಕ್ಕೆ ತೆರುವ ಬೆಲೆ ಹೆದ್ದಾರಿಯಲ್ಲಿ ಅಷ್ಟೇ ಶೇಕಡಾ ಹೆಚ್ಚು ಸುತ್ತು, ಸ್ವಲ್ಪ ಹೆಚ್ಚು ಸದ್ದು. ಟ್ರ್ಯಾಕ್ ಮುಖ್ಯವಾದವರಿಗೆ ಇದು ನನ್ನ ಮೆಚ್ಚಿನ ಬದಲಾವಣೆ, ಯಾರೂ ಮಾತಾಡದ ಬದಲಾವಣೆ ಕೂಡ.

ಟೈರ್ ಯಾವುದಿದೆ ಎಂದು ನೀವು ಬರೆದಿಲ್ಲ. ಕಂಪನಿಯಿಂದ ಬಂದದ್ದು 215 ಅಗಲದ ಮಿಶೆಲಿನ್ ಪ್ರೈಮಸಿ, ಪ್ರಿಯಸ್‌ಗೂ ಹಾಕುತ್ತಿದ್ದ ಟೈರು. ಕಾರು ಸುಲಭವಾಗಿ ಜಾರಲಿ, ಕಡಿಮೆ ವೇಗದಲ್ಲೇ ಮಜಾ ಸಿಗಲಿ ಎಂಬ ಉದ್ದೇಶದಿಂದಲೇ ಹಾಗೆ ಮಾಡಿದ್ದರು. ಈಗಲೂ ಅಂಥದ್ದೇ ಇದ್ದರೆ, ಹಿಡಿತ ಹೆಚ್ಚಿರುವ ಟೈರು ಮತ್ತು ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿದ ದಿನ ನಿಮ್ಮ ಲ್ಯಾಪ್ ಸಮಯ ಇಳಿಯುವಷ್ಟು 60 ಎಚ್‌ಪಿ ಸೇರಿಸಿದರೂ ಇಳಿಯಲಿಕ್ಕಿಲ್ಲ.

ಹಾಗಾಗಿ ನನ್ನ ಉತ್ತರ: ಈ ಕಾರಿಗೆ, ಈ ಬಳಕೆಗೆ, ಟರ್ಬೊ ಬೇಡ. ಕ್ಯಾಮ್‌ಗಳೂ ಬೇಡ. ಮೊದಲು ಕಂಪ್ರೆಷನ್ ಪರೀಕ್ಷೆ ಮತ್ತು ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿನಿಂದ ಒತ್ತಡ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ. 90,000 ಕಿ.ಮೀ. ಓಡಿದ ಎಂಜಿನ್ನಿನ ನಾಲ್ಕು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಬಂದರೆ ಬೇರೆ ಮಾತೇ ಇಲ್ಲ, ಆ ಹಣ ದುರಸ್ತಿಗೆ. ಎಲ್ಲ ಸರಿಯಿದ್ದರೆ ಆಯಿಲ್ ಕೂಲರ್, ಟೈರು, ಬ್ರೇಕ್. ಆಮೇಲೆ ಹೆಡರ್ ಮತ್ತು ಟ್ಯೂನ್. ಹೆಡರಿಗೆ ಮೊದಲು ಮತ್ತು ನಂತರ ಒಂದೇ ಡೈನೊದಲ್ಲಿ, ಸಾಧ್ಯವಾದರೆ ಒಂದೇ ರೀತಿಯ ಹವೆಯಲ್ಲಿ ಅಳೆಸಿ. ಒಂದು ಡೈನೊದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ತುದಿಯ ಅಂಕಿಯನ್ನು ಬಿಡಿ, 3,500ರಿಂದ 4,500ರ ಗೆರೆಯನ್ನು ನೋಡಿ. ವಿಮೆಯವರಿಗೆ ತಿಳಿಸುವುದನ್ನು ಮರೆಯಬೇಡಿ.

ಇಷ್ಟಾದ ಮೇಲೂ 260ರ ಆಸೆ ಹೋಗದಿದ್ದರೆ ಮೂರು ಬಾಗಿಲಿವೆ. ನಾನಾದರೆ ಮೊದಲು ನೋಡುವುದು ಈ ಕಾರನ್ನು ಮಾರಿ, ಕಾರ್ಖಾನೆಯಲ್ಲೇ ಟರ್ಬೊ ಹಾಕಿ ಬಂದ ಕಾರನ್ನು ಕೊಳ್ಳುವುದು. ಅದರ ಕಂಪ್ರೆಷನ್, ರಾಡ್, ಕೂಲಿಂಗ್ ಎಲ್ಲವನ್ನೂ ಆಗಲೇ ಬೂಸ್ಟಿಗೆಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. ಇನ್ನೊಂದು, ರಾಡ್, ಪಿಸ್ಟನ್ ಬದಲಿಸಿ ಕಂಪ್ರೆಷನ್ ಇಳಿಸಿ ಸರಿಯಾಗಿ ಟರ್ಬೊ ಕಟ್ಟಿಸುವುದು. ಆಗ ದಿನದ ಓಡಾಟಕ್ಕೆ ಬೇರೆ ಕಾರು ಇರಲಿ, ಏಕೆಂದರೆ ಇದು ತಿಂಗಳುಗಟ್ಟಲೆ ಜ್ಯಾಕ್ ಮೇಲೆ ನಿಂತಿರುತ್ತದೆ.

ಮೂರನೆಯದು ಬೆಲ್ಟಿನಿಂದ ತಿರುಗುವ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್. ಅದರ ಬೂಸ್ಟ್ ಸುತ್ತಿನ ಜೊತೆಗೇ ಏರುತ್ತದೆ, ಕೆಳಗೆ ಕಡಿಮೆ, ಮೇಲೆ ಹೆಚ್ಚು. ರಾಡ್‌ಗಳಿಗೆ ಆ ಗುಣ ಒಳ್ಳೆಯದು, ಆಕ್ಸಿಲರೇಟರಿನ ಮಾತನ್ನೂ ಕೇಳುತ್ತದೆ. 12.5 ಕಂಪ್ರೆಷನ್ನಿನ ಭಯ, ಎಣ್ಣೆಯ ಕಾವು ಇದಕ್ಕೂ ಇದ್ದೇ ಇವೆ, ಬೂಸ್ಟ್ ಕಡಿಮೆಯೇ ಇಡಬೇಕು. ನಡುವಿನ ಹಳ್ಳವನ್ನು ಮಾತ್ರ ಅದು ಅಷ್ಟಾಗಿ ಮುಚ್ಚುವುದಿಲ್ಲ, ಆದರೆ ಅಷ್ಟು ಹೊತ್ತಿಗೆ ಅದನ್ನು ಹೆಡರ್ ಮುಚ್ಚಿರುತ್ತದೆ. ಟರ್ಬೊ ಹಾಕಿಸಿದರೆ ನೀವು ಕೊಂಡ ಹೆಡರನ್ನು ಬಿಚ್ಚಿ ಮೂಲೆಗೆ ಇಡಬೇಕು, ಸಾಮಾನ್ಯವಾಗಿ ಅದರ ಜಾಗಕ್ಕೆ ಟರ್ಬೊದ ಮ್ಯಾನಿಫೋಲ್ಡ್ ಬರುತ್ತದೆ. ಸೂಪರ್‌ಚಾರ್ಜರಿಗೆ ಹೆಡರ್ ಇದ್ದಲ್ಲೇ ಇರಲಿ, ಮ್ಯಾಪ್ ಮಾತ್ರ ಹೊಸದಾಗಿ ಬರೆಸಿದರಾಯಿತು.